₹60ರ ಸಸಿಯ ನಿಜವಾದ ಬೆಲೆ

ನಮ್ಮ ಮನೆಯ ಹಿಂದಿನ ಆರು ಗುಂಟೆ ಜಾಗದಲ್ಲಿ ಈಗ ಇಪ್ಪತ್ತೈದು ಮರಗಿಡಗಳಿವೆ. ಅವುಗಳಲ್ಲಿ ಇಪ್ಪತ್ತೆರಡು ರಟ್ಟಿನ ಪೆಟ್ಟಿಗೆಯೊಳಗೆ ಮಲಗಿಕೊಂಡು, ಅಂಚೆಯಲ್ಲೋ ಕೊರಿಯರ್‌ನಲ್ಲೋ ನಮ್ಮ ಮನೆಗೆ ಬಂದವು. ಕಡೂರಿನಂಥ ಮಳೆ ಕಡಿಮೆಯಿರುವ ಊರಿನಲ್ಲಿ ಇವು ಬದುಕಿವೆಯೆಂದು ಹೇಳಿದಾಗ ನಂಟರಿಷ್ಟರು ಮೊದಲು ಕೇಳುವುದು ಗಿಡವೊಂದಕ್ಕೆ ಎಷ್ಟು ಕೊಟ್ಟಿರೆಂದು. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದು ನನಗೆ ಕಷ್ಟವಾಗುತ್ತದೆ. ಮಾರುವವರು ಹೇಳಿದ ಬೆಲೆಗೂ ಗಿಡ ನೆಲದಲ್ಲಿ ನಿಂತ ಮೇಲೆ ಲೆಕ್ಕ ಹಾಕಿದರೆ ಸಿಗುವ ಬೆಲೆಗೂ ಬಹಳ ಅಂತರವಿದೆ. ಈ ಅಂತರ ಎಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ತಗ್ಗಿಸಬಹುದು ಎಂಬುದನ್ನು ಕಡಿಮೆ ಹಣದಲ್ಲಿ ಹಿತ್ತಿಲು ಕಟ್ಟಬೇಕೆನ್ನುವವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ. ಅಲ್ಲಿ ಗಿಡವನ್ನು ಕೊಂಡು ತರುವುದು ಅಪರೂಪವಾಗಿತ್ತು. ಮಳೆಗಾಲ ಬಂತೆಂದರೆ ಹಲಸಿನ ಬೀಜ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಮೊಳೆಯುತ್ತಿತ್ತು, ಬೇಕಾದ ಕಡೆಗೆ ಅದನ್ನು ಕಿತ್ತು ನೆಡುತ್ತಿದ್ದರು. ಅಪ್ಪ ವರ್ಷಕ್ಕೊಮ್ಮೆ ತರಕಾರಿ ಬೀಜಗಳನ್ನು ವಿ.ಪಿ. ಅಂಚೆಯಲ್ಲಿ ತರಿಸುತ್ತಿದ್ದರು. ಪೋಸ್ಟ್‌ಮ್ಯಾನ್‌ಗೆ ಹಣ ಕೊಟ್ಟು ಆ ಪೊಟ್ಟಣವನ್ನು ಬಿಡಿಸಿಕೊಳ್ಳುವ ದಿನ ನಮಗೆಲ್ಲ ಹಬ್ಬದಂತಿರುತ್ತಿತ್ತು. ಅಂಥ ಬೀಜ ನಿದ್ದೆಯಲ್ಲಿರುವ ಜೀವವಾದ್ದರಿಂದ ಚೀಲದೊಳಗೆ ಹದಿನೈದು ದಿನ ಕಳೆದರೂ ಕೆಡುವುದಿಲ್ಲ. ಸಸಿಯ ಮಾತು ಬೇರೆ. ಅದು ದಾರಿಯುದ್ದಕ್ಕೂ ಉಸಿರಾಡುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ, ಬೆಳಕಿಲ್ಲದೆ ಸೊರಗುತ್ತದೆ. ಮದುವೆಯಾಗಿ ಬಯಲುಸೀಮೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಸಸಿಯನ್ನೂ ಹೀಗೆ ತರಿಸಬಹುದೆಂದು ತಿಳಿದಾಗ ನನಗೆ ನೆನಪಾದದ್ದು ಅಪ್ಪನ ಬೀಜದ ಪೊಟ್ಟಣ. ಎರಡಕ್ಕೂ ಇರುವ ಈ ವ್ಯತ್ಯಾಸವನ್ನು ಆಗ ನಾನು ಯೋಚಿಸಿರಲಿಲ್ಲ.

2019ರ ಮಾರ್ಚ್ ಕೊನೆಯಲ್ಲಿ ಹೊರರಾಜ್ಯದ ಒಂದು ನರ್ಸರಿಗೆ ಹನ್ನೆರಡು ಸಸಿಗಳಿಗಾಗಿ ಹಣ ಕಳುಹಿಸಿದೆ. ಯಾವ ಗಿಡವಾದರೂ ಒಂದಕ್ಕೆ ₹60 ಎಂಬ ಪ್ರಕಟಣೆ ನನ್ನನ್ನು ಸೆಳೆದಿತ್ತು. ಎರಡು ನೇರಳೆ, ಎರಡು ಸೀಬೆ, ಎರಡು ಬೆಟ್ಟದ ನೆಲ್ಲಿ, ಎರಡು ಹಲಸು, ಮೂರು ಶ್ರೀಗಂಧ ಮತ್ತು ಒಂದು ಜಾಯಿಕಾಯಿ. ಸಸಿಗಳಿಗೆ ₹720, ಕೊರಿಯರ್‌ಗೆ ₹260, ಒಟ್ಟು ₹980 ಆಯಿತು. ಪೆಟ್ಟಿಗೆ ಏಳು ದಿನ ದಾರಿಯಲ್ಲಿ ಕಳೆದು ಏಪ್ರಿಲ್ ಬಿಸಿಲಿನಲ್ಲಿ ಮನೆಗೆ ಬಂತು. ಬಂದ ದಿನವೇ, ಸಂಜೆಯವರೆಗೂ ಕಾಯದೆ, ಎಲ್ಲವನ್ನೂ ನೆಲಕ್ಕೆ ನೆಟ್ಟು ನೀರು ಹಾಕಿದೆವು. ಮೊದಲ ವಾರದಲ್ಲಿ ಹಲಸು ಎರಡೂ ಒಣಗಿದವು, ಜಾಯಿಕಾಯಿ ಹತ್ತು ದಿನ ಹಸಿರಾಗಿದ್ದು ಒಮ್ಮೆಗೇ ಕಪ್ಪಾಯಿತು, ಶ್ರೀಗಂಧ ಮೂರೂ ಮುಂದಿನ ದೀಪಾವಳಿಯ ಹೊತ್ತಿಗೆ ಹೋದವು, ನೆಲ್ಲಿಯ ಒಂದು ಸಸಿ ಎರಡನೆಯ ಬೇಸಿಗೆಯನ್ನು ದಾಟಲಿಲ್ಲ. ಉಳಿದದ್ದು ಐದು. ₹980ನ್ನು ಐದರಿಂದ ಭಾಗಿಸಿದರೆ ಗಿಡವೊಂದಕ್ಕೆ ₹196 ಬಿತ್ತು. ಅಷ್ಟು ಹಣಕ್ಕೆ ನಮ್ಮ ಊರಿನ ನರ್ಸರಿಯಲ್ಲೇ ಸೊಂಟದೆತ್ತರದ ಒಳ್ಳೆಯ ಗಿಡ ಸಿಗುತ್ತಿತ್ತು.

ಆ ಏಳು ಸಸಿಗಳ ಸಾವಿಗೆ ನರ್ಸರಿಯವರನ್ನು ದೂರುವುದು ಆ ದಿನಗಳಲ್ಲಿ ನನಗೆ ಸುಲಭವಾಗಿತ್ತು. ಬೇರಿನ ಮಣ್ಣನ್ನು ಅವರು ಬಹಳವಾಗಿ ಉದುರಿಸಿದ್ದರು, ಯಾವ ಸಸಿಗೂ ಹೆಸರಿನ ಚೀಟಿ ಕಟ್ಟಿರಲಿಲ್ಲ ಎಂಬುದು ನಿಜ. ಆದರೆ ಒಂದೊಂದಾಗಿ ಕಾರಣ ಹುಡುಕುತ್ತ ಹೋದಾಗ, ಹೆಚ್ಚಿನ ತಪ್ಪು ನಾನು ಆರಿಸಿದ ಕಾಲದಲ್ಲಿ, ಆರಿಸಿದ ಗಿಡಗಳಲ್ಲಿ ಮತ್ತು ಪೆಟ್ಟಿಗೆ ಬಂದ ಮೇಲಿನ ಮೂರು ವಾರಗಳಲ್ಲಿ ಇತ್ತೆಂದು ಗೊತ್ತಾಯಿತು.

ಮೊದಲು ಶ್ರೀಗಂಧದ ವಿಚಾರ ಹೇಳುತ್ತೇನೆ, ಏಕೆಂದರೆ ಈಚಿನ ವರ್ಷಗಳಲ್ಲಿ ಅಗ್ಗದ ಸಸಿಯೆಂದು ಬಹಳ ಜನ ತರಿಸುವುದು ಇದನ್ನೇ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ನಮ್ಮ ಜಮೀನಿನಲ್ಲಿ ಬೆಳೆದ ಗಂಧದ ಮರದ ಒಡೆತನ ನಮ್ಮದೇ ಆಗಿದೆ. ಕಡಿಯುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಶ್ರೀಗಂಧ ಅರೆಪರಾವಲಂಬಿ ಸಸ್ಯ. ಅದರ ಎಲೆ ತನ್ನ ಆಹಾರವನ್ನು ತಾನೇ ತಯಾರಿಸಿದರೂ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರನ್ನೂ ಲವಣಗಳನ್ನೂ ಹೀರುತ್ತದೆ. ಅದಕ್ಕಾಗಿಯೇ ನರ್ಸರಿಗಳಲ್ಲಿ ಶ್ರೀಗಂಧದ ಚೀಲದೊಳಗೆ ಹೊನಗೊನ್ನೆ ಸೊಪ್ಪನ್ನೋ ತೊಗರಿಯನ್ನೋ ಆಸರೆ ಗಿಡವಾಗಿ ಬೆಳೆಸುತ್ತಾರೆ. ನನಗೆ ಬಂದ ಮೂರು ಸಸಿಗಳ ಬುಡದಲ್ಲೂ ಹೊನಗೊನ್ನೆ ಇತ್ತು. ಅದನ್ನು ಕಳೆಯೆಂದು ತಿಳಿದು ನಾನೇ ಕಿತ್ತೆಸೆದೆ. ಆಸರೆಯಿಲ್ಲದ ಶ್ರೀಗಂಧ ಒಂದೇ ದಿನದಲ್ಲಿ ಸಾಯುವುದಿಲ್ಲ. ಆರು ತಿಂಗಳು ಹಾಗೇ ನಿಂತು, ಎಲೆ ಹಳದಿಯಾಗಿ, ತುದಿ ಒಣಗಿ ಹೋಗುತ್ತದೆ. ಹೀಗಾಗಿ ಕಾರಣ ತಿಳಿಯುವುದೂ ತಡವಾಗುತ್ತದೆ. ಎರಡನೆಯ ಸಲ ತರಿಸಿದಾಗ ಹೊನಗೊನ್ನೆಯನ್ನು ಮುಟ್ಟದೆ, ಅದು ಮೇಲೆ ಹರಡಿ ಸಸಿಯನ್ನು ಮುಚ್ಚದಂತೆ ತುದಿಯನ್ನಷ್ಟೇ ಚಿವುಟುತ್ತ ಬಂದೆ. ನೆಲಕ್ಕೆ ನೆಟ್ಟಾಗ ಒಂದು ಮೊಳ ದೂರದಲ್ಲಿ ತೊಗರಿಯನ್ನು ಬಿತ್ತಿ, ಬೇಲಿಯ ಹೊಂಗೆಗಳ ನಡುವೆ ಜಾಗ ಕೊಟ್ಟೆ. ನಾಲ್ಕರಲ್ಲಿ ಮೂರು ಉಳಿದಿವೆ.

ಜಾಯಿಕಾಯಿಯನ್ನು ಕಡೂರಿಗೆ ತರಿಸಿದ್ದೇ ಸರಿಯಿರಲಿಲ್ಲ. ಅದು ನೆರಳು, ತೇವ ಮತ್ತು ನಿರಂತರ ನೀರನ್ನು ಬಯಸುವ ಮರ, ಅಡಿಕೆ ತೋಟದ ಒಳಗೆ ಬದುಕುವಂಥದ್ದು. ಒಂದು ವೇಳೆ ಅದು ಉಳಿದಿದ್ದರೂ ನನ್ನ ಕೈಗೆ ಕಾಯಿ ಬರುತ್ತಿತ್ತೆಂದು ಹೇಳಲಾಗುತ್ತಿರಲಿಲ್ಲ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಿರುತ್ತವೆ, ಮತ್ತು ಹೂ ಬಿಡುವವರೆಗೆ, ಅಂದರೆ ಆರೇಳು ವರ್ಷಗಳವರೆಗೆ, ಅದು ತಿಳಿಯುವುದಿಲ್ಲ. ಹೆಣ್ಣು ಮರದಿಂದ ಕಡ್ಡಿ ತೆಗೆದು ಮಾಡಿದ ಕಸಿಗೆ ನಾಲ್ಕೈದು ಪಟ್ಟು ಬೆಲೆ ಹೇಳಿದರೆ ಅದರಲ್ಲಿ ನ್ಯಾಯವಿದೆ. ಮುರುಗಲಿಗೂ (ಪುನರ್ಪುಳಿಗೂ) ಇದೇ ಮಾತು ಒಪ್ಪುತ್ತದೆ.

ಬೀಜದ ಸಸಿಗೂ ಕಸಿ ಗಿಡಕ್ಕೂ ಇರುವ ಈ ವ್ಯತ್ಯಾಸವನ್ನು ತಿಳಿದುಕೊಳ್ಳದೆ ಅಗ್ಗದ ಸಸಿಯನ್ನು ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಮಾವಿನಲ್ಲಿ ಬಾದಾಮಿ, ಮಲ್ಲಿಕಾ, ರಸಪುರಿಯಂಥವು ಬೀಜದಿಂದ ತಾಯಿಯ ಗುಣವನ್ನು ಹೊತ್ತು ಬರುವುದಿಲ್ಲ. ಕರಾವಳಿಯ ಬಪ್ಪಕಾಯಿ, ನೆಕ್ಕರೆಯಂಥ ಕೆಲವು ತಳಿಗಳಲ್ಲಿ ಮಾತ್ರ ಒಂದೇ ಓಟೆಯಿಂದ ಹಲವು ಮೊಳಕೆಗಳು ಬಂದು, ಅವುಗಳಲ್ಲಿ ಹೆಚ್ಚಿನವು ತಾಯಿಯಂತೆಯೇ ಇರುತ್ತವೆ. ಹಾಗಾಗಿ ‘ಬಾದಾಮಿ ಮಾವಿನ ಸಸಿ ₹50’ ಎಂದು ಯಾರಾದರೂ ಹೇಳಿದರೆ ಅದು ಕಸಿಯೋ ಓಟೆಯಿಂದ ಬಂದದ್ದೋ ಎಂದು ಕೇಳಲೇಬೇಕು. ಹಲಸು ಪರಕೀಯ ಪರಾಗಸ್ಪರ್ಶದ ಮರ, ಅಂದರೆ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಬಂದು ಸೇರುವಂಥದ್ದು. ಒಂದೇ ಹಣ್ಣಿನ ಹತ್ತು ಬೀಜಗಳನ್ನು ಬಿತ್ತಿದರೆ ಹತ್ತು ಬಗೆಯ ಮರಗಳಾಗುತ್ತವೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ ಆರಿಸಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳಕಿಗೆ ತಂದ ‘ಸಿದ್ದು’ ಹಲಸಿನ ತಾಮ್ರಗೆಂಪು ತೊಳೆ, ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ಇವು ಕಸಿಯ ಮೂಲಕವಷ್ಟೇ ಮುಂದಿನ ಗಿಡಕ್ಕೆ ಬರುತ್ತವೆ. ಸಿದ್ದುವಿನ ಬೀಜದಿಂದ ಬೆಳೆದ ಸಸಿಯನ್ನು ಸಿದ್ದುವೆಂದು ಮಾರುವುದು ಮೋಸ, ಅರಿವಿಲ್ಲದೆ ಮಾರಿದರೂ ಕೊಂಡವರಿಗೆ ಆಗುವ ನಷ್ಟ ಅಷ್ಟೇ. ನಾವು ಸಿದ್ದುವಿನ ಒಂದು ಕಸಿಯನ್ನು ಅಂಚೆಗೆ ಬಿಡದೆ, ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವ ಆ ಸಂಸ್ಥೆಯ ಕೇಂದ್ರಕ್ಕೆ ಹೋಗಿ ಕೈಯಾರೆ ತಂದೆವು.

ಇನ್ನು ಬೀಜದ ಸಸಿಯನ್ನೇ ಧೈರ್ಯವಾಗಿ ಕೊಳ್ಳಬಹುದಾದ ಗಿಡಗಳೂ ಬೇಕಾದಷ್ಟಿವೆ, ಮತ್ತು ಅಂಚೆಯ ಅಗ್ಗದ ಸಸಿಗೆ ಇವೇ ತಕ್ಕವು. ನಮ್ಮ ನಾಟಿ ನಿಂಬೆಯ ಒಂದು ಬೀಜದಲ್ಲಿ ಹಲವು ಭ್ರೂಣಗಳಿರುವುದರಿಂದ ಸಸಿಗಳು ಬಹುಮಟ್ಟಿಗೆ ತಾಯಿಯಂತೆಯೇ ಬರುತ್ತವೆ. ಹೊಂಗೆ, ಬೇವು, ಕರಿಬೇವುಗಳಲ್ಲಿ ಮನೆಯ ಬಳಕೆಗೆ ತಳಿಯ ಚಿಂತೆಯಿಲ್ಲ. ಸೀತಾಫಲ ಬೀಜದಿಂದ ಬಂದರೂ ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಹಿಡಿಯುತ್ತದೆ, ಹಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆಯಾದರೂ ತಿನ್ನಲು ಯೋಗ್ಯವಾಗಿಯೇ ಇರುತ್ತದೆ. ನೇರಳೆಯ ಬೀಜದ ಸಸಿ ಎಂಟು ಹತ್ತು ವರ್ಷ ಕಾಯಿಸುತ್ತದೆ, ಆದರೆ ನೆರಳಿಗೂ ಹಕ್ಕಿಗಳಿಗೂ ನೆಡುವವರಿಗೆ ಅದೂ ಸಮ್ಮತವೇ. ಮೊದಲ ಪೆಟ್ಟಿಗೆಯ ಸೀಬೆಗಳೆರಡೂ ಬದುಕಿದವು, ಹಣ್ಣು ಸಣ್ಣದು, ಬೀಜ ಹೆಚ್ಚು. ಅಂಥಲ್ಲಿ ಗೂಟಿ ಕಟ್ಟಿ, ಅಂದರೆ ಕೊಂಬೆಯಲ್ಲೇ ಬೇರು ಬರಿಸಿ, ಮಾಡಿದ ‘ಅಲಹಾಬಾದ್ ಸಫೇದಾ’ವನ್ನೋ ‘ಅರ್ಕ ಕಿರಣ್’ ಅನ್ನೋ ಸ್ವಲ್ಪ ಹೆಚ್ಚು ಹಣ ಕೊಟ್ಟು ತರುವುದು ಲೇಸು.

ಚಿತ್ರ ನೋಡಿ ಹಣ ಕಳುಹಿಸುವವರಿಗೆ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕೆಲವು ವರ್ಷಗಳಿಂದ ‘ಮಿಯಾಜಾಕಿ’ ಎಂಬ ಕೆಂಪು ಮಾವಿನ ಸಸಿಗೆ ಜನ ಸಾವಿರಾರು ರೂಪಾಯಿ ಕೊಡುತ್ತಿದ್ದಾರೆ. ಜಪಾನಿನ ಮಿಯಾಜಾಕಿ ಪ್ರಾಂತ್ಯದಲ್ಲಿ ಬೆಳೆಯುವ ಆ ಮಾವು ಅಮೆರಿಕದ ಫ್ಲೋರಿಡಾದಲ್ಲಿ ಹುಟ್ಟಿದ ‘ಇರ್ವಿನ್’ ಎಂಬ ತಳಿ. ಹಸಿರುಮನೆಯಲ್ಲಿ ಬೆಳೆಸಿ, ಪ್ರತಿ ಕಾಯಿಗೂ ಬಲೆ ಕಟ್ಟಿ, ಮರದಲ್ಲೇ ಹಣ್ಣಾಗಿ ಬಲೆಗೆ ಬೀಳುವವರೆಗೆ ಕಾದು, ಕನಿಷ್ಠ 350 ಗ್ರಾಂ ತೂಕ ಮತ್ತು ಗೊತ್ತುಪಡಿಸಿದ ಸಿಹಿಯ ಮಟ್ಟ ಇದ್ದವಕ್ಕೆ ಮಾತ್ರ ಒಂದು ವಿಶೇಷ ಮುದ್ರೆ ಒತ್ತುತ್ತಾರೆ. ಅಲ್ಲಿನ ಬೆಲೆ ಆ ದುಡಿಮೆಗೂ ಆಯ್ಕೆಗೂ ಸಲ್ಲುವಂಥದ್ದು. ಸಸಿಯೊಂದೇ ಬಂದರೆ ಆ ಬೆಲೆ ಅದರ ಜೊತೆಗೆ ನಮ್ಮ ಹಿತ್ತಿಲಿಗೆ ಬರುವುದಿಲ್ಲ. ಹಾಗೆಯೇ ವಿದೇಶದಿಂದ ನೇರವಾಗಿ ಅಂಚೆಯಲ್ಲಿ ಗಿಡ ತರಿಸಲು ಯಾರೂ ಹೋಗಬಾರದು. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಅದಕ್ಕೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಗಿಡದ ಜೊತೆಗೆ ಬರುವ ಕೀಟವೋ ರೋಗವೋ ಇಡೀ ಸೀಮೆಯ ತೋಟಗಳನ್ನು ಕೆಡಿಸಬಲ್ಲದೆಂಬ ಭಯದಿಂದಲೇ ಈ ನಿಯಮ ಬಂದಿದೆ.

ಒಂದು ನಾಡಿನ ಗಿಡ ಇನ್ನೊಂದು ನಾಡಿಗೆ ಜೀವಂತವಾಗಿ ಹೋಗುವುದು ಒಂದು ಕಾಲದಲ್ಲಿ ಎಷ್ಟು ಕಷ್ಟವಾಗಿತ್ತೆಂಬುದನ್ನು ಓದಿದ ಮೇಲೆ ನನಗೆ ಈ ರಟ್ಟಿನ ಪೆಟ್ಟಿಗೆಯ ಬಗ್ಗೆ ಗೌರವ ಹೆಚ್ಚಿದೆ. ಹಡಗಿನ ಮೇಲೆ ಉಪ್ಪುಗಾಳಿಗೆ ಸಿಕ್ಕಿ, ಕುಡಿಯುವ ನೀರಿನ ಅಭಾವದಲ್ಲಿ, ಸಸಿಗಳು ದಾರಿಯಲ್ಲೇ ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಎಂಬಾತ ಮುಚ್ಚಿದ ಗಾಜಿನೊಳಗೆ ತೇವ ತಾನಾಗಿಯೇ ಆವಿಯಾಗಿ ಮತ್ತೆ ಹನಿಯಾಗಿ ಇಳಿಯುವುದನ್ನು ಗಮನಿಸಿ, 1833ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಸಿಡ್ನಿಗೆ ಕಳುಹಿಸಿದ. ಅವು ಬದುಕಿ ತಲುಪಿದವು. ಇಂದು ಬೇರಿನ ಸುತ್ತ ಒದ್ದೆ ತೆಂಗಿನ ನಾರಿನ ಪುಡಿಯನ್ನಿಟ್ಟು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ ಕಳುಹಿಸುವ ನಮ್ಮ ನರ್ಸರಿಯವರೂ ಅದೇ ತತ್ತ್ವವನ್ನು ನೆಚ್ಚಿಕೊಂಡಿದ್ದಾರೆ. ತೇವ ಹೊರಗೆ ಹೋಗದಂತೆ ಹಿಡಿದಿಟ್ಟರೆ ಸಸಿ ಒಂದು ವಾರ ತಡೆಯುತ್ತದೆ.

ತಡೆಯುವುದು ಒಂದು ವಾರವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾಲವನ್ನು ಆರಿಸಬೇಕು. ನಮ್ಮ ಕಡೆ ಮೃಗಶಿರಾ ಮಳೆ ಜೂನ್ 7 ಅಥವಾ 8ರ ಹೊತ್ತಿಗೆ ಹುಟ್ಟಿ, ಎರಡು ವಾರದ ನಂತರ ಆರಿದ್ರಾ ಬರುತ್ತದೆ. ಪೆಟ್ಟಿಗೆ ಮೃಗಶಿರಾದಲ್ಲಿ ಮನೆಗೆ ಬಂದರೆ, ನೆರಳಿನಲ್ಲಿ ಮೂರು ನಾಲ್ಕು ವಾರ ಚೇತರಿಸಿಕೊಂಡು, ಪುನರ್ವಸುವಿನಲ್ಲಿ ನೆಲ ಸೇರುತ್ತದೆ. ಮುಂಗಾರು ಕೈಕೊಟ್ಟರೂ ಬಯಲುಸೀಮೆಗೆ ಹಿಂಗಾರಿನ ಆಸೆಯಿರುವುದರಿಂದ ಬೇಸಿಗೆಯ ಮೊದಲು ಬೇರಿಗೆ ಆರು ತಿಂಗಳು ಸಿಗುತ್ತದೆ. ಕಳುಹಿಸುವವರಿಗೆ ನಾನು ಸೋಮವಾರವೇ ಪಾರ್ಸೆಲ್ ಹೊರಡಿಸಬೇಕೆಂದು ಬರೆದು ತಿಳಿಸುತ್ತೇನೆ. ವಾರದ ಕೊನೆಗೆ ಹೊರಟ ಪೆಟ್ಟಿಗೆ ಭಾನುವಾರ ಯಾವುದಾದರೂ ಗೋದಾಮಿನಲ್ಲಿ ಬಿದ್ದಿರುತ್ತದೆ. ನಮ್ಮ ಪಿನ್‌ಕೋಡಿಗೆ ಯಾವ ಕೊರಿಯರ್ ಮನೆ ಬಾಗಿಲಿಗೆ ಬರುತ್ತದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಸಣ್ಣ ಊರುಗಳಿಗೆ ಸ್ಪೀಡ್ ಪೋಸ್ಟ್ ಹೆಚ್ಚು ನಂಬಿಕೆಯದ್ದೆಂಬುದು ನನ್ನ ಅನುಭವ.

ಸಸಿಯ ಗಾತ್ರದ ವಿಷಯದಲ್ಲಿ ನಾನು ಈಗ ಸಣ್ಣದರ ಕಡೆಗೇ ವಾಲುತ್ತೇನೆ. ಐದಡಿಯ ಗಿಡವನ್ನು ಪೆಟ್ಟಿಗೆಗೆ ಹೊಂದಿಸಬೇಕೆಂದರೆ ಬೇರನ್ನು ಕತ್ತರಿಸಿ, ಕಾಂಡವನ್ನು ಬಗ್ಗಿಸಿ, ಮಣ್ಣನ್ನು ಉದುರಿಸಿ ಕಳುಹಿಸಬೇಕಾಗುತ್ತದೆ. ಉಳಿದ ಚೂರು ಬೇರು ಅಷ್ಟೊಂದು ಎಲೆಗಳಿಗೆ ನೀರು ಒದಗಿಸಲಾರದು. ಒಂದಡಿಯ ಸಸಿ ತನ್ನ ಬೇರನ್ನೆಲ್ಲ ಜೊತೆಗೆ ತರುತ್ತದೆ. ನಮ್ಮ ಹೊಂಗೆಗಳು ಬಂದಾಗ ಗೇಣುದ್ದ ಇದ್ದವು, ಅದೇ ವರ್ಷ ಪಕ್ಕದ ಮನೆಯವರು ಎದೆಯೆತ್ತರದ ಹೊಂಗೆಗಳನ್ನು ಗಾಡಿಯಲ್ಲಿ ತಂದು ನೆಟ್ಟರು, ಮೂರನೆಯ ಮಳೆಗಾಲಕ್ಕೆ ಎರಡರ ಎತ್ತರವೂ ಒಂದಾಯಿತು. ಕೊರಿಯರ್ ತೂಕದ ಮೇಲೆ ಹಣ ಕೇಳುವುದರಿಂದ ಸಣ್ಣ ಸಸಿಗೆ ಸಾಗಣೆಯ ಖರ್ಚೂ ಕಡಿಮೆ. ಒಂದೇ ಒಂದು ಎಚ್ಚರ ಬೇಕು: ಸಣ್ಣ ಚೀಲದಲ್ಲಿ ಎರಡು ಮೂರು ವರ್ಷ ಉಳಿದು ಹೋದ ಹಳೆಯ ಸಸಿಯನ್ನು ಅಗ್ಗಕ್ಕೆ ಸಾಗಹಾಕುವುದುಂಟು. ಕಾಂಡ ಗಟ್ಟಿಯಾಗಿ, ಎಲೆ ಕಡಿಮೆಯಿದ್ದು, ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದರೆ ಅದು ಅಂಥದ್ದು. ಸುರುಳಿಯನ್ನು ಹಾಗೇ ಬಿಟ್ಟು ನೆಟ್ಟರೆ ಕೆಲವು ವರ್ಷಗಳ ಮೇಲೆ ಬೇರೇ ಮರದ ಕುತ್ತಿಗೆಗೆ ಉರುಳಾಗುತ್ತದೆ, ಇಲ್ಲವೇ ಗಾಳಿಗೆ ಮರ ಬುಡಮೇಲಾಗುತ್ತದೆ. ಸುರುಳಿಯ ಭಾಗವನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ ನೆಡುವುದೊಂದೇ ದಾರಿ.

ಪೆಟ್ಟಿಗೆ ಬಂದ ಮೇಲಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಕಳೆದುಕೊಂಡದ್ದೂ ಗಳಿಸಿದ್ದೂ ಇಲ್ಲಿಯೇ. ಪೆಟ್ಟಿಗೆಯನ್ನು ನೆರಳಿನಲ್ಲಿ, ಸಾಧ್ಯವಾದರೆ ಸಂಜೆ, ಬಿಚ್ಚಬೇಕು. ಬಿಚ್ಚಿದ ಕೂಡಲೇ ಒಂದು ಫೋಟೋ ತೆಗೆದಿಟ್ಟುಕೊಂಡರೆ, ಸಸಿ ಮುರಿದಿದ್ದರೆ ಕಳುಹಿಸಿದವರಿಗೆ ತೋರಿಸಬಹುದು. ಒಳಗಿನ ಎಲೆ ಹಳದಿಯಾಗಿ ಉದುರಿದ್ದರೆ ಗಾಬರಿಯಾಗಬೇಕಿಲ್ಲ. ಕತ್ತಲೆಯಲ್ಲಿ, ಮುಚ್ಚಿದ ಗಾಳಿಯಲ್ಲಿ ಸೇರಿಕೊಂಡ ಎಥಿಲೀನ್ ಅನಿಲದಿಂದ ಹಾಗಾಗುತ್ತದೆ. ಕಾಂಡವನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಸಿಪ್ಪೆಯ ಕೆಳಗೆ ಹಸಿರು ಕಂಡರೆ ಜೀವವಿದೆ. ಬೇರಿಗೆ ಸುತ್ತಿದ ಹಾಳೆಯನ್ನು ಬಿಚ್ಚಿ, ಮಣ್ಣುಗಡ್ಡೆ ಒಡೆಯದಂತೆ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಒಣಗಿದ ನಾರಿನ ಪುಡಿ ಮತ್ತೆ ನೀರು ಹೀರುತ್ತದೆ. ಒಮ್ಮೆ ಒಣಗಿದ ನಾರಿನ ಪುಡಿಗೆ ಮೇಲಿನಿಂದ ನೀರು ಹಾಕಿದರೆ ಅದರಲ್ಲಿ ಬಹುಪಾಲು ಪಕ್ಕದಿಂದ ಜಾರಿ ಹೋಗಿ ಒಳಗೆ ಸರಿಯಾಗಿ ಇಳಿಯದಿರಬಹುದು. ಇದು ತಿಳಿಯದ್ದರಿಂದಲೇ ನಮ್ಮ ಮೊದಲ ಹಲಸುಗಳು ದಿನವೂ ನೀರು ಕುಡಿದಂತೆ ಕಂಡರೂ ಬಾಯಾರಿ ಸತ್ತವೆಂದು ನಾನು ನಂಬಿದ್ದೇನೆ.

ಆ ಬಳಿಕ ಸಸಿಯನ್ನು ಬಂದ ಚೀಲಕ್ಕಿಂತ ಸ್ವಲ್ಪ ದೊಡ್ಡದಾದ ಚೀಲಕ್ಕೆ ಹಾಕುತ್ತೇನೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಸಗಣಿಯನ್ನಾಗಲಿ ಯೂರಿಯಾವನ್ನಾಗಲಿ ಈ ಹಂತದಲ್ಲಿ ಹಾಕಕೂಡದು, ಗಾಯಗೊಂಡ ಬೇರು ಅದನ್ನು ತಾಳುವುದಿಲ್ಲ. ಎಲೆ ದೊಡ್ಡದಾಗಿರುವ ಗಿಡವಾದರೆ ಪ್ರತಿ ಎಲೆಯ ಅರ್ಧ ಭಾಗವನ್ನು ಕತ್ತರಿಯಿಂದ ತೆಗೆಯುತ್ತೇನೆ, ಆವಿಯಾಗುವ ನೀರು ಅಷ್ಟು ಕಡಿಮೆಯಾಗುತ್ತದೆ. ತೀರಾ ಬಾಡಿದ ಸಸಿಗೆ ನಾಲ್ಕು ಕಡ್ಡಿ ನೆಟ್ಟು, ಮೇಲಿನಿಂದ ತಿಳಿ ಪ್ಲಾಸ್ಟಿಕ್ ಚೀಲವನ್ನು ಒಂದು ವಾರ ಕವುಚಿ, ದಿನಕ್ಕೊಮ್ಮೆ ಗಾಳಿಯಾಡಿಸಿ ಮತ್ತೆ ಮುಚ್ಚುತ್ತೇನೆ. ವಾರ್ಡ್‌ನ ಗಾಜಿನ ಪೆಟ್ಟಿಗೆ ನಮ್ಮ ಹಿತ್ತಿಲಿನಲ್ಲಿ ಹೀಗೆ ಮರುಹುಟ್ಟು ಪಡೆದಿದೆ. ಜಾಗ ಮಾತ್ರ ತೆಂಗಿನ ಗರಿಯ ಚಪ್ಪರದ ಕೆಳಗೆ, ಹಳೆಯ ಗಿಡಗಳಿಂದ ದೂರದಲ್ಲಿರಬೇಕು. ಹೊಸ ಸಸಿಯ ಎಲೆಯ ಅಡಿಯಲ್ಲಿ ಬಿಳಿ ತಿಗಣೆಯೋ ಮೊಟ್ಟೆಯೋ ಇದ್ದರೆ ಮೂರು ವಾರದಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಕರಿಬೇವಿನ ಎಳೆಯ ಚಿಗುರಿನಲ್ಲಿ ಬದುಕುವ ಸಿಲ್ಲಿಡ್ ಎಂಬ ಸಣ್ಣ ಕೀಟವೇ ನಿಂಬೆಗೆ ಹಸಿರುಗಟ್ಟುವ ರೋಗವನ್ನು ಹರಡುವುದರಿಂದ, ಕರಿಬೇವನ್ನೂ ನಿಂಬೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ತರಿಸಿದ್ದು ಸರಿಯಲ್ಲವೆಂದು ನನಗೆ ಆಮೇಲೆ ಅರಿವಾಯಿತು. ಈಗ ಅವೆರಡೂ ಹಿತ್ತಿಲಿನ ಎರಡು ತುದಿಗಳಲ್ಲಿವೆ.

ಸಸಿ ಹೊಸ ಚಿಗುರು ಬಿಟ್ಟ ಮಾತ್ರಕ್ಕೆ ನೆಡಬಾರದೆಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಆ ಚಿಗುರು ಕಾಂಡದಲ್ಲಿ ಉಳಿದಿದ್ದ ಕಸುವಿನಿಂದ ಬಂದಿರಬಹುದು. ಚಿಗುರು ಬಲಿತು ಕಡುಹಸಿರಾದ ಮೇಲೆ, ಚೀಲದ ತಳದ ತೂತಿನಲ್ಲಿ ಬಿಳಿಯ ಎಳೆ ಬೇರು ಇಣುಕಿದ ಮೇಲೆ, ಬೆಳಗಿನ ಬಿಸಿಲಿಗೆ ಒಂದೊಂದು ಗಂಟೆಯಂತೆ ಹೊರಗಿಟ್ಟು ಒಗ್ಗಿಸಿ, ಮೋಡ ಮುಸುಕಿದ ದಿನ ನೋಡಿ ನೆಡುತ್ತೇವೆ. ಗುಂಡಿಯನ್ನು ಮೇ ತಿಂಗಳಲ್ಲೇ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳಕ್ಕೆ ತೆಗೆದು ಬಿಸಿಲಿಗೆ ಬಿಟ್ಟಿರುತ್ತೇವೆ. ಮೇಲ್ಮಣ್ಣಿಗೆ ಎರಡು ಬುಟ್ಟಿ ಗೊಬ್ಬರವನ್ನೂ, ಗೆದ್ದಲಿನ ಕಾಟವಿರುವುದರಿಂದ ಎರಡು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬುತ್ತೇವೆ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಬೇಕು, ಅದಕ್ಕೆ ಸುತ್ತಿದ ಪಟ್ಟಿ ಕಾಂಡವನ್ನು ಕಚ್ಚುವ ಮೊದಲು ಬಿಚ್ಚಬೇಕು, ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಬೇಕು. ಆ ಚಿಗುರು ಬಿಟ್ಟರೆ ನಾವು ಹಣ ಕೊಟ್ಟು ತಂದ ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಸೊರಗಿ, ಬುಡದ ಕಾಡುಮಾವು ಮೇಲೇಳುತ್ತದೆ.

ಅಪ್ಪೆಮಿಡಿಯ ಎರಡು ಕಸಿಗಳನ್ನು ನಾನು ತವರಿನ ಕಡೆಯಿಂದ ತಲಾ ₹180 ಕೊಟ್ಟು ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದೆ. ಶರಾವತಿ, ವರದಾ, ಅಘನಾಶಿನಿಗಳ ದಂಡೆಯ ಮರಗಳವು, ಜೀರಿಗೆಯ ವಾಸನೆಯ ಸೊನೆಯಿಂದಲೇ ಒಂದೊಂದು ಮರವನ್ನು ಗುರುತಿಸುತ್ತಾರೆ. ಹೊಳೆದಂಡೆಯ ಮರ ಈ ಒಣ ನೆಲದಲ್ಲಿ ಮಿಡಿ ಬಿಟ್ಟೀತೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ಎಲೆಯನ್ನು ಹಿಸುಕಿದಾಗ ಬರುವ ವಾಸನೆಯಲ್ಲಿ ನನ್ನ ಊರು ಇದೆ.

ಎರಡನೆಯ ಸಲ, 2021ರ ಜೂನ್‌ನಲ್ಲಿ, ತಲಾ ₹45ರಂತೆ ಇಪ್ಪತ್ತು ಸಸಿಗಳನ್ನು ತರಿಸಿದಾಗ ಈ ಕ್ರಮವನ್ನೆಲ್ಲ ಪಾಲಿಸಿದ್ದೆವು. ಆರು ಹೊಂಗೆ, ನಾಲ್ಕು ನಿಂಬೆ, ನಾಲ್ಕು ಸೀತಾಫಲ, ಎರಡು ಕರಿಬೇವು, ನಾಲ್ಕು ಶ್ರೀಗಂಧ. ಸಾಗಣೆಯ ₹380 ಸೇರಿ ₹1,280. ಎರಡು ಬೇಸಿಗೆಗಳನ್ನು ದಾಟಿ ನಿಂತವು ಹದಿನೇಳು, ಅಂದರೆ ಗಿಡವೊಂದಕ್ಕೆ ₹75ರಷ್ಟು. ಗೊಬ್ಬರ, ಹಿಂಡಿ, ಗುಂಡಿ ತೆಗೆದವರ ಕೂಲಿಯನ್ನು ಇದರಲ್ಲಿ ಸೇರಿಸಿಲ್ಲ. ಅವು ಮೊದಲ ಸಲವೂ ಇದ್ದವು, ಸತ್ತ ಗಿಡಕ್ಕೂ ಅಷ್ಟೇ ಆಗಿದ್ದವು. ಹೋದ ಮೂರರಲ್ಲಿ ಎರಡು ಸೀತಾಫಲಗಳು ಒಂದು ವಾರ ನಾವು ಊರಿನಲ್ಲಿಲ್ಲದಾಗ ನೀರಿಲ್ಲದೆ ಹೋದವು. ಅದಾದ ಮೇಲೆ ಪ್ರತಿ ಗಿಡದ ಪಾತಿಯಲ್ಲಿ, ಬುಡದಿಂದ ಒಂದು ಅಡಿ ದೂರದಲ್ಲಿ, ಸುಟ್ಟ ಮಣ್ಣಿನ ಮಡಿಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮೇಲೆ ಚಪ್ಪಡಿ ಮುಚ್ಚುತ್ತೇವೆ. ಮಡಿಕೆಯ ಗೋಡೆಯಿಂದ ನೀರು ಒಸರುತ್ತ ನಾಲ್ಕೈದು ದಿನ ಬರುತ್ತದೆ. ಪಾತಿಯ ತುಂಬ ತರಗೆಲೆ ಹಾಸಿದರೆ ಇನ್ನೂ ಒಂದು ದಿನ ಹೆಚ್ಚು. ಫೆಬ್ರವರಿಯಿಂದ ಮೇ ತನಕ, ಮೊದಲ ಎರಡು ಬೇಸಿಗೆ, ಇದನ್ನು ತಪ್ಪಿಸುವಂತಿಲ್ಲ.

ಕೊನೆಯದಾಗಿ ಒಂದು ಮಾತನ್ನು ಹೇಳದಿದ್ದರೆ ಈ ಲೆಕ್ಕ ಪ್ರಾಮಾಣಿಕವಾಗುವುದಿಲ್ಲ. ಹೊಂಗೆ, ಬೇವು, ನೇರಳೆ, ಶ್ರೀಗಂಧದಂಥ ಸಸಿಗಳನ್ನು ಅರಣ್ಯ ಇಲಾಖೆ ತನ್ನ ನರ್ಸರಿಗಳಿಂದ ಮಳೆಗಾಲದ ಆರಂಭದಲ್ಲಿ ಬಹಳ ಕಡಿಮೆ ದರಕ್ಕೆ ಕೊಡುತ್ತದೆ. ತೋಟಗಾರಿಕೆ ಇಲಾಖೆಯ ಕ್ಷೇತ್ರಗಳಲ್ಲಿ ತೆಂಗು, ಮಾವು, ನಿಂಬೆ, ಕರಿಬೇವು ಸಿಗುತ್ತವೆ. ನಾನು ಅಂಚೆಯಲ್ಲಿ ತರಿಸಿದ ಹೊಂಗೆಗಳು ನಮ್ಮ ತಾಲ್ಲೂಕಿನಲ್ಲೇ ಅದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದವು, ಅಲ್ಲಿ ಹೋಗಿ ಕೇಳುವ ಬುದ್ಧಿ ನನಗೆ ಆಗ ಹೊಳೆಯಲಿಲ್ಲ. ಈಗ ನಾನು ಮೇ ತಿಂಗಳಲ್ಲೇ ಆ ಎರಡು ಕಡೆ ಹೋಗಿ ಪಟ್ಟಿ ನೋಡಿ ಬರುತ್ತೇನೆ. ಅಲ್ಲಿ ಸಿಗದವು ಮಾತ್ರ ಅಂಚೆಯ ಪಟ್ಟಿಗೆ ಸೇರುತ್ತವೆ.

ಈ ವರ್ಷ ಆ ಪಟ್ಟಿಯಲ್ಲಿರುವುದು ಎರಡೇ ಹೆಸರು: ರಾಮಫಲ ಮತ್ತು ಬೆಟ್ಟದ ನೆಲ್ಲಿಯ ಕಸಿ. ನೆಲ್ಲಿಗೆ ಜೊತೆಯಲ್ಲಿ ಇನ್ನೊಂದು ತಳಿಯಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ, ಮೊದಲ ಪೆಟ್ಟಿಗೆಯಲ್ಲಿ ಬಂದು ಉಳಿದ ಒಂಟಿ ನೆಲ್ಲಿ ಹೂ ಬಿಟ್ಟು ಉದುರಿಸುತ್ತಲೇ ಇದೆ. ಅದರಿಂದ ಹದಿನೈದು ಅಡಿ ದೂರದಲ್ಲಿ ಗುಂಡಿ ತೆಗೆದಾಗಿದೆ. ರೋಹಿಣಿ ಮಳೆ ಒಂದು ಹದ ಬಂದು ಹೋಗಿದೆ. ಸೋಮವಾರ ಪಾರ್ಸೆಲ್ ಹೊರಡುತ್ತದೆಂದು ನರ್ಸರಿಯವರು ತಿಳಿಸಿದ್ದಾರೆ.